ಗುಡಿಸಬಾರದಿದ್ದ ಅಂಗಳ

ಹೊರಡುವ ಮುಂಚೆ

ನಾನು ಇಂಗ್ಲೆಂಡಿಗೆ ಹೋಗಿ ಬಂದದ್ದು ಕಸ ಗುಡಿಸುವುದರಲ್ಲಿ ಹೆಸರು ಮಾಡಿದ್ದಕ್ಕೆ. ನಗಬೇಡಿ, ಖರೆ ಮಾತು. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಶಾಲೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಅಂಗಳದಲ್ಲಿ ಒಂದು ಒಣಗಿದ ಎಲೆ ಬಿದ್ದರೂ ನನ್ನ ಕಣ್ಣು ತಪ್ಪಿಸಿಕೊಂಡು ಎರಡು ನಿಮಿಷ ಇರುತ್ತಿರಲಿಲ್ಲ. ಸ್ವಚ್ಛ ಶಾಲೆ ಎಂದು ಸುತ್ತಮುತ್ತ ಹೆಸರಾಯಿತು, ಫೋಟೊಗಳು ಎಲ್ಲೆಲ್ಲೋ ಹೋದವು. ಅದನ್ನು ನೋಡಿದ ಇಂಗ್ಲೆಂಡಿನ ಒಂದು ಊರಿನವರು ಪತ್ರ ಬರೆದರು. ತಮ್ಮಲ್ಲಿ ಶಾಲೆ, ಗ್ರಂಥಾಲಯ, ನಗರಸಭೆ, ಚರ್ಚು ಎಲ್ಲ ಒಂದಾಗಿ ಊರೊಳಗಿನ ಪ್ರಾಣಿ, ಪಕ್ಷಿ, ಗಿಡಗಳನ್ನು ಉಳಿಸುವ ಕೆಲಸ ನಡೆಸಿದ್ದಾರಂತೆ. ದಸರೆಯ ರಜೆಯಲ್ಲಿ ನಿಮ್ಮ ಕಡೆಯಿಂದ ಒಬ್ಬರು ಬಂದು ನೋಡಲಿ ಎಂದು.

ಹೋಗಬೇಕಾದವರು ನಮ್ಮ ಹೆಡ್‌ಮಾಸ್ತರರು. "ನನಗ ಹುಬ್ಬಳ್ಳಿ ಬಸ್ಸಿನ್ಯಾಗ ತಲಿ ತಿರಗತೈತಿ, ಇನ್ನ ವಿಮಾನ ಏನ್ ಹತ್ಲಿ? ನೀವ ಹೋಗಿ ಬರ್ರಿ ಅಕ್ಕಾರ," ಎಂದು ಕೈ ಮುಗಿದುಬಿಟ್ಟರು.

ಹೊರಡುವ ದಿನ ಶಾಲೆಗೆ ಶಾಲೆಯೇ ಗೇಟಿಗೆ ಬಂದಿತ್ತು, ಒಬ್ಬಳನ್ನು ಬಿಟ್ಟು. ಗಂಗವ್ವ ನಮ್ಮಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ನಾನು ಒಬ್ಬಳೇ ಇರುವವಳು; ಮದುವೆ ಯಾಕೆ ಆಗಲಿಲ್ಲ ಎನ್ನುವುದು ಬೇರೆ ಕಥೆ, ಇಲ್ಲಿ ಬೇಡ. ಹದಿನೈದು ವರ್ಷ ಮಧ್ಯಾಹ್ನದ ಊಟವನ್ನು ನಾವಿಬ್ಬರೂ ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತು ಮಾಡಿದ್ದೇವೆ. ನನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಅವಳಿಗೆ, ಅವಳ ಶೇಂಗಾ ಚಟ್ನಿಯಲ್ಲಿ ಅರ್ಧ ನನಗೆ. ಅದು ನಿಂತು ಎಂಟು ತಿಂಗಳಾಗಿತ್ತು.

ಅಡುಗೆ ಕೋಣೆಯ ಹಿಂದೆ ಒಂದು ಕಳ್ಳಿಯ ಬೇಲಿ ಇತ್ತು. ಅದರ ಬುಡದಲ್ಲಿ ವರ್ಷಗಟ್ಟಲೆಯ ಎಲೆ, ಕಡ್ಡಿ. "ಅಕ್ಕಾರ, ಅದನ್ನ ಕಡಸಬ್ಯಾಡ್ರಿ. ಅಲ್ಲಿ ಮುಂಗಲಿ ಮರಿ ಹಾಕೇತಿ," ಎಂದಿದ್ದಳು ಗಂಗವ್ವ. ಮುಂಗಲಿ ಎಂದರೆ ಮುಂಗುಸಿ. ನಾನು ಯಾರ ಮಾತು ಕೇಳಿದವಳು? ಬ್ಯಾನರ್ ಕಟ್ಟಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಬೆಳಿಗ್ಗೆ ಬೇಲಿ ಕಡಿಸಿ ಎಲೆಗೆ ಬೆಂಕಿ ಹಚ್ಚಿಸಿದೆ. ಅಷ್ಟಕ್ಕೇ ಮುಗಿದಿದ್ದರೆ ಅವಳು ನಾಲ್ಕು ಮಾತು ಬಯ್ದು ಸುಮ್ಮನಾಗುತ್ತಿದ್ದಳು. ವಾರದ ಮೇಲೆ ತಪಾಸಣೆಗೆ ಬಂದ ಸಾಹೇಬರಿಗೆ ಗಿಡಮರಗಳ ಮೇಲೆ ಪ್ರೀತಿ. "ಅಷ್ಟು ಹಳೀ ಬೇಲಿ ಯಾಕ ತಗಸಿದ್ರಿ?" ಎಂದು ಹುಬ್ಬು ಗಂಟಿಕ್ಕಿ ಕೇಳಿದರು. ನನ್ನ ಬಾಯಿಂದ ಬಂದದ್ದು ಇಷ್ಟು: "ಅಡಗಿಯವರು ಹಾವಿನ ಅಂಜಿಕಿ ಅಂದ್ರು ಸರ್."

ಗಂಗವ್ವ ಸೌಟು ಹಿಡಿದು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಎಲ್ಲರೆದುರು ಅವಳಿಗೆ ಬುದ್ಧಿ ಹೇಳಿದರು. ಅವಳು ತಲೆ ತಗ್ಗಿಸಿ ಕೇಳಿದಳು, ಒಂದು ಮಾತೂ ಆಡಲಿಲ್ಲ. ಅಂದಿನಿಂದ ನನ್ನೊಡನೆಯೂ ಆಡಲಿಲ್ಲ. ಉಪ್ಪು ಮುಗಿದಿದೆ, ಗ್ಯಾಸ್ ಬಂದಿಲ್ಲ, ಇಷ್ಟೇ. ನಾನು ಸ್ಟಾಫ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುವುದನ್ನು ಕಲಿತೆ.

ಹೆಲೆನ್ ಅವರ ಮನೆ

ಆ ಊರಿನಲ್ಲೂ ಒಂದು ಕಾಲಕ್ಕೆ ಮಗ್ಗಗಳಿದ್ದವಂತೆ. ಈಗ ದೊಡ್ಡ ದೊಡ್ಡ ಇಟ್ಟಿಗೆಯ ಕಟ್ಟಡಗಳು ಮಾತ್ರ ನಿಂತಿವೆ. ಬೆಟಗೇರಿಯಲ್ಲಿ ಮಗ್ಗದ ಸದ್ದು ನಿಂತರೆ ಹಬ್ಬ, ಇಲ್ಲವೆ ಸಾವು. ಇಲ್ಲಿ ಮೊದಲ ಬೆಳಿಗ್ಗೆ ಎದ್ದು ಕಿವಿಗೊಟ್ಟೆ. ಏನೂ ಇಲ್ಲ. ಯಾರೋ ಹೋಗಿರಬೇಕು ಅಂತಲೇ ಅನ್ನಿಸಿತು. ಗಡಿಯಾರದ ಟಿಕ್ ಟಿಕ್ ಒಂದೇ ಜೊತೆ.

ನಾನು ಇಳಿದುಕೊಂಡದ್ದು ಹೆಲೆನ್ ಎಂಬುವವರ ಮನೆಯಲ್ಲಿ. ಅರವತ್ತರ ಹತ್ತಿರದ ವಯಸ್ಸು, ಊರಿನ ಗ್ರಂಥಾಲಯದಲ್ಲಿ ಕೆಲಸ, ಅವರೂ ಒಬ್ಬರೇ. ಬಹಳ ಒಳ್ಳೆಯವರು. ಆದರೆ ಅವರ ಒಳ್ಳೆಯತನ ಬಾಗಿಲು ಮುಚ್ಚುವ ಜಾತಿಯದು. ನಿಮಗೆ ತೊಂದರೆ ಆಗಬಾರದು ಎಂದು ಮೆಲ್ಲಗೆ ಕದ ಎಳೆದುಕೊಂಡು ಹೋಗುತ್ತಿದ್ದರು. ನಮ್ಮ ಓಣಿಯಲ್ಲಿ ಹಗಲು ಹೊತ್ತು ಕದ ಮುಚ್ಚಿ ನೋಡಿ, "ಆರಾಮ ಇಲ್ಲೇನ್ರಿ?" ಎಂದು ಮೂವರು ಬಂದು ಬಡಿಯುತ್ತಾರೆ.

ಬಂದ ಸಂಜೆ "ಚಹಾ ಬೇಕಾ?" ಎಂದು ಕೇಳಿದರು. ಕೇಳಿದ ಕೂಡಲೇ ಹೂಂ ಅನ್ನುವುದು ನಾಚಿಕೆಗೇಡು ಅಲ್ಲವೇ, "ಬೇಡ" ಅಂದೆ. ಇನ್ನೊಂದು ಸಲ ಒತ್ತಾಯ ಮಾಡುತ್ತಾರೆ, ಆಗ ಹೂಂ ಎಂದರಾಯಿತು ಎಂದು ಕಾದೆ. ಅವರು ತಮ್ಮ ಲೋಟಕ್ಕೆ ಮಾತ್ರ ಹಾಕಿಕೊಂಡು ಕುಡಿದು ಮಲಗಲು ಹೋದರು. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಮಾನ ಮರ್ಯಾದೆ ಬಿಟ್ಟು, ಅವರು ಬಾಯಿ ತೆರೆಯುವ ಮೊದಲೇ "ಬೇಕು, ಬೇಕು" ಎಂದೆ.

ಮನೆಯ ಹಿಂದೆ ಪುಟ್ಟ ಹಿತ್ತಲು, ಸುತ್ತ ಹಲಗೆಯ ಬೇಲಿ. ಬೇಲಿಯ ಬುಡದಲ್ಲಿ ಗೇಣಗಲದ ಒಂದು ತೂತು. ಪಕ್ಕದ ಮನೆಯ ಬೇಲಿಯಲ್ಲೂ ಇದೆ, ಅದರಾಚೆಯದರಲ್ಲೂ ಇದೆ. ಬೀದಿಯವರೆಲ್ಲ ಒಪ್ಪಿ ಕೊರೆಸಿದ್ದು. ಹೆಜ್‌ಹಾಗ್ ಎನ್ನುವ ಪ್ರಾಣಿ ಒಂದು ಹಿತ್ತಲಿನಿಂದ ಇನ್ನೊಂದಕ್ಕೆ ಹುಳುಹುಪ್ಪಟೆ ಹುಡುಕಿಕೊಂಡು ಓಡಾಡಲಿ ಎಂದು. ನಮ್ಮ ಮುಳ್ಳುಹಂದಿಯ ಹಾಗೆ ಮೈತುಂಬ ಮುಳ್ಳು, ಗಾತ್ರ ಮಾತ್ರ ಒಂದು ತೆಂಗಿನಕಾಯಿಯಷ್ಟು. ಆ ಊರಿನಲ್ಲಿ ಅದು ಕಾಣುವುದೇ ಅಪರೂಪವಾಗಿತ್ತಂತೆ. ಹೆಲೆನ್ ಅವರ ಹಿತ್ತಲಿಗೆ ಒಂದು ಬರುತ್ತಿತ್ತು. ಅಲ್ಲಿಟ್ಟಿದ್ದ, ರಾತ್ರಿ ಮಾತ್ರ ನಡೆಯುವ ಕ್ಯಾಮೆರಾದಲ್ಲಿ ಅದರ ಚಿತ್ರ ಬಿದ್ದಿದೆಯೇ ಎಂದು ಪ್ರತಿ ಬೆಳಿಗ್ಗೆ ಬ್ರೆಡ್ಡು ಕಡಿಯುತ್ತ ನೋಡುವುದು ಅವರ ದಿನದ ಮೊದಲ ಕೆಲಸ.

"ಒಂಬತ್ತನೇ ನಂಬರಿನವರು ಮಾತ್ರ ತೂತು ಬೇಡ ಅಂದರು," ಎಂದು ನಿಟ್ಟುಸಿರಿಟ್ಟರು. ಒಂಬತ್ತನೇ ನಂಬರಿನಲ್ಲಿ ಒಬ್ಬ ಮುದುಕ. ಕಿಟಕಿಯಲ್ಲಿ ಅವನ ಮುಖ ಆಗಾಗ ಕಾಣುತ್ತಿತ್ತು. ಕೈ ಎತ್ತಿದರೆ ಪರದೆ ಎಳೆಯುತ್ತಿದ್ದ.

ಬಿಸ್ಕೀಟಿನ ಸಭೆ

ಸೋಮವಾರ ಗ್ರಂಥಾಲಯದಲ್ಲಿ ಅವರ ಸಭೆ. ಬರುವ ಶನಿವಾರ ಇಡೀ ಬೀದಿಯನ್ನು ಊರವರಿಗೆ ತೆರೆದಿಟ್ಟು ತೂತು, ಗೂಡು, ಎಲ್ಲ ತೋರಿಸುವುದಿತ್ತು; ಬೇರೆ ಬೀದಿಯವರೂ ನೋಡಿ ಇದನ್ನೇ ಮಾಡಲಿ ಎಂದು. ಮೇಜಿನ ಸುತ್ತ ಏಳೆಂಟು ಜನ. ನಗರಸಭೆಯಿಂದ ಕಾಲಿನ್, ರೈಲ್ವೆಯಿಂದ ಒಬ್ಬ ಹೆಣ್ಣುಮಗಳು, ಚರ್ಚಿನ ಪಾದ್ರಿ, ಶಾಲೆಯವರು, ಹೀಗೆ. ನಡುವೆ ಒಂದು ತಟ್ಟೆ ಬಿಸ್ಕೀಟು. ಮಾತು ಶುರು ಮಾಡುವ ಮುನ್ನ ಪ್ರತಿಯೊಬ್ಬರೂ ಸಾರಿ ಅನ್ನುತ್ತಾರೆ. ಒಂದು ಬೋರ್ಡಿನಲ್ಲಿ ಏನು ಬರೆಯಬೇಕು ಎನ್ನುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು.

ನಮ್ಮಲ್ಲಿ ಸಭೆ ಎಂದರೆ ವೇದಿಕೆ, ಹಾರ, ಮೈಕು. ಕೆಲಸ ಏನೆಂಬುದು ಮೊದಲೇ ಒಬ್ಬರ ತಲೆಯಲ್ಲಿ ತೀರ್ಮಾನವಾಗಿರುತ್ತದೆ, ಉಳಿದವರು ಚಪ್ಪಾಳೆಗೆ. ನಮ್ಮ ಶಾಲೆಯಲ್ಲಿ ಆ ಒಬ್ಬರು ನಾನೇ. ಇವರ ನಿಧಾನ ನೋಡಿ ನನಗೆ ಆಕಳಿಕೆ ಬಂತು. ಇಷ್ಟೊತ್ತಿಗೆ ನಾನಾಗಿದ್ದರೆ ಆ ಬೋರ್ಡು ಬರೆಸಿ, ನೆಟ್ಟು, ಫೋಟೊ ಹೊಡೆಸಿ ಮುಗಿಸುತ್ತಿದ್ದೆ ಎಂದು ಒಳಗೊಳಗೇ ಹೇಳಿಕೊಂಡೆ.

ಹೆಲೆನ್ ದಾರಿಯಲ್ಲಿ ಹೇಳಿದರು, "ಕಾಲಿನ್ ಅವರನ್ನು ಈ ಮೇಜಿಗೆ ಕರೆತರಲು ಎರಡು ವರ್ಷ ಬೇಕಾಯಿತು. ನಗರಸಭೆ ಬಂದರೆ ಹಿತ್ತಲೆಲ್ಲ ಬೋಳಿಸಿ ಹೋಗುತ್ತದೆ ಅಂತ ಜನರಿಗೆ ಭಯ."

ಬುಧವಾರ ಬೆಳಿಗ್ಗೆ

ಹೆಲೆನ್ ಕೆಲಸಕ್ಕೆ ಹೋದರು. ನನಗೆ ಅಂದು ಯಾವ ಕಾರ್ಯಕ್ರಮವೂ ಇರಲಿಲ್ಲ. ಅಡುಗೆ ಮನೆಯ ಕಿಟಕಿಯಿಂದ ಹಿತ್ತಲು ನೋಡುತ್ತ ಕೂತೆ. ಗೋಡೆ ಮೂಲೆಯಲ್ಲಿ ಎಲೆಯ ದೊಡ್ಡ ರಾಶಿ, ನಡುವೆ ಒಣ ಕಡ್ಡಿ. ಉಣ್ಣಲು, ಇರಲು ಕೊಟ್ಟ ಮನೆ. ಬಂದು ನಾಲ್ಕು ದಿನವಾದರೂ ಒಂದು ಕಡ್ಡಿ ಎತ್ತಿ ಆಚೆ ಇಟ್ಟವಳಲ್ಲ ನಾನು. ನಮ್ಮ ಕಡೆ ಯಾವ ಹೆಂಗಸು ಇನ್ನೊಬ್ಬರ ಮನೆಯಲ್ಲಿ ನಾಲ್ಕು ದಿನ ಕೈ ಕಟ್ಟಿ ಕೂತಾಳು? ಅದೂ ಹಬ್ಬದ ವಾರ. ಊರಿನಲ್ಲಿ ಈ ಹೊತ್ತಿಗೆ ಪ್ರತಿ ಮನೆಯ ಅಂಗಳವೂ ಗುಡಿಸಿ ನೀರು ಹೊಡೆದು ರಂಗೋಲಿ ಕಂಡಿರುತ್ತದೆ.

ಸೆರಗು ಸಿಕ್ಕಿಸಿದೆ. ಶೆಡ್ಡಿನಲ್ಲಿ ಹಲ್ಲು ಹಲ್ಲಿನ ಕೋಲೊಂದು ಸಿಕ್ಕಿತು. ಎಳೆದು ಎಳೆದು ರಾಶಿ ಪೂರ್ತಿ ಹೊರಗೆ ತಂದೆ. ತಳದಲ್ಲಿ ಏನೋ ಗುಂಡಗೆ, ಒರಟಾಗಿ ತಾಗಿತು. ನೆಲ ತಿಕ್ಕುವ ಹಳೆಯ ನಾರಿನ ಬ್ರಷ್ಷು ಎಂದುಕೊಂಡು ಕೋಲಿನಿಂದ ಶೆಡ್ಡಿನ ಮಗ್ಗುಲಿಗೆ ಉರುಳಿಸಿದೆ. ಎಲೆಯನ್ನೆಲ್ಲ ಕಸದ ಡಬ್ಬಿಗೆ ತುಂಬಿದೆ. ಹನ್ನೊಂದಕ್ಕೆ ಗಾಡಿ ಬಂದು ಒಯ್ದಿತು. ನೀರು ಹೊಡೆದೆ. ಬಂದು ನಾಲ್ಕು ದಿನಕ್ಕೆ ಅಂದೇ ಮೊದಲ ಸಲ ನನಗೆ ಹಗುರಾಯಿತು, ಒಂದು ಹಾಡನ್ನೂ ಗುನುಗಿದೆ. ಮಧ್ಯಾಹ್ನ ನಗರಸಭೆಯ ಇಬ್ಬರು ಗಟಾರದ ಮುಚ್ಚಳ ಬದಲಿಸಲು ಹಿತ್ತಲಿಗೆ ಬಂದು ಐದು ನಿಮಿಷ ಇದ್ದು ಹೋದರು.

ಸಂಜೆ ಹೆಲೆನ್ ಹಿತ್ತಲ ಬಾಗಿಲು ತೆರೆದವರು ಹಾಗೇ ನಿಂತರು.

"ಗೂಡು ಎಲ್ಲಿ?" ಎಂದರು. ನನ್ನನ್ನು ಕೇಳಿದ್ದಲ್ಲ, ಗಾಳಿಯನ್ನು ಕೇಳಿದ ಹಾಗೆ. ಚಳಿಗಾಲ ಪೂರ್ತಿ ಮಲಗಲು ಹೆಜ್‌ಹಾಗ್ ಮಾಡಿಕೊಂಡಿದ್ದ ಗೂಡು ಅದು. ಶನಿವಾರ ಊರಿಗೆ ತೋರಿಸಬೇಕಾಗಿದ್ದದ್ದೂ ಅದೇ. ಸಭೆಯಲ್ಲಿ ಗೂಡು ಅಂದಾಗ ನಾನು ಹಲಗೆಯ ಪೆಟ್ಟಿಗೆ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಅವರ ಕಣ್ಣು ಗಟಾರದ ಹೊಸ ಮುಚ್ಚಳದ ಮೇಲೆ ಬಿತ್ತು. "ಕಾಲಿನ್ ಅವರ ಜನ ಬಂದಿದ್ದರಾ?"

"ಬಂದಿದ್ದರು," ಎಂದೆ.

ಸುಳ್ಳಲ್ಲ ನೋಡಿ. ಬಂದಿದ್ದರಲ್ಲ! ಶೆಡ್ಡಿನ ಮಗ್ಗುಲಿಗೆ ಓಡಿದೆ. ಬ್ರಷ್ಷು ಅಲ್ಲಿರಲಿಲ್ಲ. ನಾನು ಕಪ್ಪತಗುಡ್ಡದ ಬುಡದ ಡೋಣಿ ಎಂಬ ಊರಿನಲ್ಲಿ ಹುಟ್ಟಿದವಳು. ಸಣ್ಣವಳಿದ್ದಾಗ ಮುಳ್ಳುಹಂದಿಯ ಮುಳ್ಳು ಆರಿಸಿ ಲಂಗದಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ಮುಳ್ಳಿಗೂ ನಾರಿಗೂ ಫರಕು ನನಗೆ ತಿಳಿಯಬೇಕಿತ್ತು. ಅದು ಎದ್ದು ಎಲ್ಲೋ ಹೋಯಿತೋ, ಇಲ್ಲಾ ರಾಶಿಯಲ್ಲಿ ಇನ್ನೊಂದು ಇದ್ದು ಡಬ್ಬಿಗೆ ಹೋಯಿತೋ. ನನ್ನ ಕೋಣೆಗೆ ಹೋಗಿ ಕದ ಹಾಕಿಕೊಂಡು ಅತ್ತೆ. ಹೇಳಿಕೊಳ್ಳಲು ಅಲ್ಲೂ ಯಾರೂ ಇರಲಿಲ್ಲ, ಊರಿನಲ್ಲೂ ಯಾರೂ ಇರಲಿಲ್ಲ.

ಗುರುವಾರ

ಕ್ಯಾಮೆರಾದಲ್ಲಿ ಏನೂ ಇರಲಿಲ್ಲ. ಹೆಲೆನ್ ಬ್ರೆಡ್ಡು ಮುಟ್ಟದೆ ಎದ್ದರು. ಮಧ್ಯಾಹ್ನ ಅವಸರದಲ್ಲಿ ಸಭೆ ಕರೆದರು, ಅತಿಥಿಯಾದ ನನ್ನನ್ನೂ ಕೂರಿಸಿಕೊಂಡರು. ಅಂದು ಬಿಸ್ಕೀಟು ಇರಲಿಲ್ಲ. ಸಾರಿಯೂ ಇರಲಿಲ್ಲ.

"ಎರಡು ವರ್ಷದ ಕೆಲಸ ಐದು ನಿಮಿಷದಲ್ಲಿ ಹಾಳು ಮಾಡಿದಿರಿ," ಎಂದರು ಹೆಲೆನ್. ಕಾಲಿನ್ ಎತ್ತರದ ಮನುಷ್ಯ, ಕೂತಲ್ಲೇ ಕುಗ್ಗಿದ. "ನಮ್ಮ ಹುಡುಗರು ಮುಟ್ಟಿಲ್ಲ ಅನ್ನುತ್ತಿದ್ದಾರೆ. ಆದರೂ ವಿಚಾರಿಸುತ್ತೇನೆ. ತಪ್ಪಾಗಿದ್ದರೆ ಅವರನ್ನು ಈ ಕೆಲಸದಿಂದ ತೆಗೆಯುತ್ತೇನೆ," ಎಂದ. ನಗರಸಭೆ ಹೀಗೆ ಮಾಡುವುದಾದರೆ ತಾವೂ ಯೋಚಿಸಬೇಕಾಗುತ್ತದೆ ಎಂದಳು ರೈಲ್ವೆಯವಳು. ಪಾದ್ರಿ ಕನ್ನಡಕ ತೆಗೆದು ಒರೆಸತೊಡಗಿದರು. ಮೇಜು ಮುರಿಯುತ್ತಿರುವುದು ನನ್ನ ಹರಕು ಇಂಗ್ಲಿಷಿಗೂ ಚೆನ್ನಾಗಿ ತಿಳಿಯುತ್ತಿತ್ತು.

ಕಾಲಿನ್ ತಲೆ ತಗ್ಗಿಸಿ ಕೂತಿದ್ದ. ಆ ತಗ್ಗಿದ ತಲೆಯನ್ನು ನಾನು ಮೊದಲೇ ನೋಡಿದ್ದೆ, ಸೌಟು ಹಿಡಿದು ಬಾಗಿಲಲ್ಲಿ ನಿಂತದ್ದನ್ನು.

ಎದ್ದು ನಿಂತೆ. ಮೇಜಿನ ಸಭೆಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ಆದರೆ ಕೂತು ಹೇಳುವ ಮಾತಲ್ಲ ಅದು. "ನಾನು ಗುಡಿಸಿದೆ. ಅವರಲ್ಲ, ನಾನು. ನಮ್ಮಲ್ಲಿ ಅತಿಥಿ ಸುಮ್ಮನೆ ಕೂರುವುದಿಲ್ಲ. ಕಸ ಅಂದುಕೊಂಡೆ," ಎಂದೆ. ಎಲ್ಲವನ್ನೂ ಹೇಳಿದೆ, ಬ್ರಷ್ಷಿನ ಸಂಗತಿಯನ್ನೂ.

ಹೆಲೆನ್ ಕೆಂಪಗಾಗಿ ಕಾಲಿನ್ ಕಡೆ ತಿರುಗಿ ಕ್ಷಮೆ ಕೇಳಿದರು. ಅವನು ಹೇಳಿದ, "ನಮ್ಮಮ್ಮ ನೋಡಿದ್ದರೂ ಗುಡಿಸುತ್ತಿದ್ದಳು." ಬೈಗುಳವನ್ನಾದರೂ ತಡೆದುಕೊಳ್ಳುತ್ತಿದ್ದೆ, ಆ ಮಾತಿಗೆ ನನಗೆ ಮತ್ತೆ ಅಳು ಬಂತು.

ಶುಕ್ರವಾರ, ದಶಮಿ

ಊರಿನಲ್ಲಿ ಅಂದು ಬನ್ನಿ ಕೊಡುವ ದಿನ. ಮನೆ ಮನೆಗೆ ಹೋಗಿ ಬನ್ನಿ ಎಲೆಯನ್ನು ಬಂಗಾರವೆಂದು ಕೈಗಿಟ್ಟು, ಬಂಗಾರದ ಹಾಗೆ ಇರೋಣ ಎಂದು ಸಣ್ಣವರು ದೊಡ್ಡವರ ಕಾಲಿಗೆ ಬೀಳುತ್ತಾರೆ. ವರ್ಷಪೂರ್ತಿ ಮಾತು ಬಿಟ್ಟವರೂ ಅಂದು ಒಬ್ಬರ ಬಾಗಿಲಿಗೆ ಒಬ್ಬರು ಹೋಗುವ ರೂಢಿ. ಈ ಸಲ ಗಂಗವ್ವನ ಬಾಗಿಲಿಗೆ ಹೋಗಲೇಬೇಕು ಎಂದುಕೊಂಡಿದ್ದೆ. ಇಂಗ್ಲೆಂಡಿನ ಪತ್ರ ಬಂದಾಗ, ಹೋಗದಿರಲು ಒಂದು ನೆಪ ಸಿಕ್ಕಿತೆಂದು ಒಳಗೊಳಗೇ ಸಮಾಧಾನವಾದದ್ದೂ ಉಂಟು. ಆ ಸಣ್ಣತನವನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ನಾನು ಅಲ್ಲಿಗೆ ಬಂದ ಮೇಲೆ ಕೇಳಿದ ಮೊದಲ ಬಾಗಿಲ ಸದ್ದು ಅದು. ಪಕ್ಕದ ಮನೆಯಾಕೆ, ಕೈಯಲ್ಲಿ ಒಂದು ಚೀಲ ತುಂಬ ಒಣ ಎಲೆ. "ಗೂಡಿಗೆ ಬೇಕಾಗುತ್ತದಲ್ಲ," ಎಂದು ನನ್ನ ಕೈಗಿಟ್ಟಳು. ಸಭೆಯ ಸುದ್ದಿ ಬೀದಿ ತುಂಬ ಹಬ್ಬಿತ್ತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ದಶಮಿಯ ದಿನ, ಹೆಸರು ಗೊತ್ತಿಲ್ಲದ ಊರಿನ ಜನ ಮನೆ ಮನೆಯಿಂದ ಎಲೆ ತಂದು ನನ್ನ ಕೈಗೆ ಕೊಡುತ್ತಿದ್ದಾರೆ! ಕಾಲು ಮುಟ್ಟಬೇಕೋ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ ನಿಂತೆ. ಒಂಬತ್ತನೇ ನಂಬರಿನ ಮುದುಕನೂ ಬಂದ. ಚೀಲವನ್ನು ಮೆಟ್ಟಿಲ ಮೇಲಿಟ್ಟು, "ತೂತು ಮಾತ್ರ ಕೊರೆಯಲ್ಲ," ಎಂದು ಹೇಳಿ ಹೋದ.

ನಾನೂ ಹೆಲೆನ್ನೂ ಮೊಣಕಾಲೂರಿ ರಾಶಿಯನ್ನು ಮತ್ತೆ ಕಟ್ಟಿದೆವು. ಕೈ ತೊಳೆದು ಫೋನ್ ತೆಗೆದೆ. ಇಲ್ಲಿ ಮಧ್ಯಾಹ್ನ, ಅಲ್ಲಿ ಸಂಜೆ, ಬನ್ನಿ ಕೊಡುವ ಹೊತ್ತು.

"ಯಾರ್ರಿ?"

"ಗಂಗವ್ವ, ನಾನು, ವಿಮಲಕ್ಕ."

ಅವಳ ಹಿಂದೆ ಯಾರೋ ನಗುವುದು ಕೇಳುತ್ತಿತ್ತು. "ಹೇಳ್ರಿ," ಎಂದಳು.

"ಆ ಸಾಹೇಬರ ಮುಂದ ಹಾವಿನ ಮಾತು ನಾನ ಕಟ್ಟಿ ಹೇಳಿದೆ. ನೀ ಬ್ಯಾಡ ಅಂದಿದ್ದಿ. ನಿನ್ನ ಮ್ಯಾಲ ಹಾಕಿದೆ. ತಪ್ಪಾತು ಗಂಗವ್ವ."

"ಅದು ನನಗ ಗೊತ್ತಿಲ್ಲೇನ್ರಿ? ನನಗ ಹೇಳಿದ್ರ ಏನಾತು? ಆ ಸುಳ್ಳು ಕೇಳಿದವರು ಬ್ಯಾರೆ ಮಂದಿ ಅಲ್ಲೇನ್ರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವಳೇ ಮತ್ತೆ ಕೇಳಿದಳು, "ಅಲ್ಲಿ ಥಂಡಿ ಭಾಳ ಐತೇನ್ರಿ?"

"ಭಾಳ ಐತಿ."

"ಕಿವಿಗೆ ಅರಬಿ ಕಟ್ಕೋರಿ," ಎಂದು ಫೋನ್ ಇಟ್ಟಳು.

ಶನಿವಾರ

ಬೋರ್ಡು ಬೇಡ ಎಂದರು ಹೆಲೆನ್. "ಒಂದೂವರೆ ಗಂಟೆ ಕೂತು ಬರೆದ ಬೋರ್ಡಿಗಿಂತ ನೀವು ನಿಂತು ಹೇಳಿದರೆ ಜನ ಮರೆಯುವುದಿಲ್ಲ." ಹೀಗೆ ನಾನು ರಾಶಿಯ ಪಕ್ಕ ಸೀರೆಯ ಮೇಲೆ ಹೆಲೆನ್ನರ ಕೋಟು ಹಾಕಿಕೊಂಡು, ಕಿವಿಗೆ ಅರಿವೆ ಕಟ್ಟಿಕೊಂಡು ನಿಂತೆ. ಬಂದವರಿಗೆಲ್ಲ ಅದೇ ಕಥೆ: ಇದು ಕಸವಲ್ಲ, ಮನೆ, ಮೊನ್ನೆ ನಾನೇ ಕೆಡವಿದೆ. ಮಕ್ಕಳು ಬಾಯಿ ಮೇಲೆ ಕೈ ಇಟ್ಟುಕೊಂಡರು. ಒಬ್ಬ ಗಂಡಸು ಹೆಂಡತಿಯ ಕಡೆ ತಿರುಗಿ "ನಾವೂ ಕಳೆದ ವಾರ" ಎಂದು ಮಾತು ನುಂಗಿಕೊಂಡ. ಕಾಲಿನ್ ಆಗಾಗ ಚಹಾ ತಂದುಕೊಟ್ಟ, ಬೇಕಾ ಎಂದು ಕೇಳದೆ. ಹೆಜ್‌ಹಾಗ್ ಮಾತ್ರ ನಾನು ಹೊರಡುವವರೆಗೂ ಕ್ಯಾಮೆರಾಕ್ಕೆ ಬೀಳಲಿಲ್ಲ.

ಬೆಟಗೇರಿ

ಶಾಲೆ ತೆರೆದ ದಿನ ಹೆಡ್‌ಮಾಸ್ತರರು ನನ್ನ ಪ್ರವಾಸದ ಭಾಷಣ ಇಟ್ಟುಕೊಂಡಿದ್ದರು. ವೇದಿಕೆ, ಹಾರ, ಮೈಕು. ಪಾಲಕರು, ಓಣಿಯ ನೇಕಾರರ ಹಿರಿಯರು, ನಗರಸಭೆಯವರು, ಅದೇ ಸಾಹೇಬರು. ವಿಮಾನ ಹೇಗಿತ್ತು ಎಂದು ಕೇಳಲು ಎಲ್ಲರೂ ಕಾದಿದ್ದರು. ನಾನು ಕಳ್ಳಿ ಬೇಲಿಯ ಕಥೆ ಹೇಳಿದೆ. ಗಂಗವ್ವ ಬೇಡ ಎಂದಿದ್ದಳು, ಹಾವಿನ ಮಾತು ನನ್ನ ಸುಳ್ಳು ಎಂದು ಮೈಕಿನಲ್ಲೇ ಹೇಳಿದೆ. ಹೆಡ್‌ಮಾಸ್ತರರು ಕೆಮ್ಮಿದರು. ಸಾಹೇಬರು ನೆಲ ನೋಡಿದರು. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ನೇಕಾರ ಅಜ್ಜ, "ಅಲ್ರಿ ಅಕ್ಕಾರ, ಇನ್ನ ಮುಂದ ಬೇಲಿ ಹಚ್ಚೋರು ಯಾರು? ನಮ್ಮನ್ನೂ ಕರೀರಿ ಮತ್ತ," ಎಂದ. ಮೇಜಿನ ಸುತ್ತ ಕೂರುವ ನಮ್ಮ ಸಭೆ ಶುರುವಾದದ್ದು ಅಲ್ಲಿಂದ. ಬಿಸ್ಕೀಟಿನ ಬದಲು ಮಂಡಕ್ಕಿಯ ಗಿರಮಿಟ್. ಅದೂ ನಿಧಾನವೇ, ಈಗ ನನಗೆ ಆಕಳಿಕೆ ಬರುವುದಿಲ್ಲ.

ಭಾಷಣ ಮುಗಿದು ಅಡುಗೆ ಕೋಣೆಯ ಹಿಂದೆ ಹೋದೆ. ಗಂಗವ್ವ ರಂಗೋಲಿ ಬಟ್ಟಲು ಹಿಡಿದು ಬಂದಳು. ಬಗ್ಗಿ, ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಗೆರೆ ಎಳೆದಳು.

"ಈ ಕಡೆ ನಿಮ್ಮದು, ಎಷ್ಟ ಬೇಕಾದ್ರ ಕಸ ಹೊಡೀರಿ. ಆ ಕಡೆ ಕಾಲಿಟ್ಟ್ರ ನೋಡ್ರಿ ಮತ್ತ!"

ಇದಾಗಿ ಮೂರು ತಿಂಗಳಾಯಿತು. ಗೆರೆಯಾಚೆ ಎಲೆ ಬೀಳುತ್ತಿದೆ, ಹೊಸ ಕಳ್ಳಿ ಗೇಣುದ್ದ ಆಗಿದೆ. ಮುಂಗಲಿ ಇನ್ನೂ ಬಂದಿಲ್ಲ. ಹೆಲೆನ್ ಒಂದು ಫೋಟೊ ಕಳಿಸಿದ್ದರು, ರಾಶಿಯ ಪಕ್ಕ ಮಸುಕಾಗಿ ಏನೋ ಗುಂಡಗೆ. ಅದೇ ಇರಬಹುದು, ಬೇರೆಯದೂ ಇರಬಹುದು ಎಂದು ಬರೆದಿದ್ದರು. ಅದನ್ನು ದಿನಕ್ಕೊಮ್ಮೆ ನೋಡುತ್ತೇನೆ.

ಗೆರೆ ಎಳೆದ ದಿನ ಗಂಗವ್ವ ಕಟ್ಟೆಯ ಮೇಲೆ ಕೂತು ಸರಿದು ಜಾಗ ಮಾಡಿದಳು. ನಾನು ಡಬ್ಬಿ ಬಿಚ್ಚಿದೆ. ಅವಳು ಉಪ್ಪಿನ ಡಬ್ಬಿಯ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಒಳಗೆ ಬನ್ನಿ ಎಲೆ, ಒಣಗಿ ಪುಡಿಯಾಗುವ ಹಾಗಿತ್ತು. ಇಬ್ಬರಲ್ಲಿ ಸಣ್ಣವಳು ನಾನೇ. ಬಗ್ಗಿ ಅವಳ ಕಾಲು ಮುಟ್ಟಿದೆ. "ಅಯ್ಯ, ಬಿಡ್ರಿ, ಮಕ್ಕಳು ನೋಡ್ತಾವ," ಎಂದು ಕಾಲು ಎಳೆದುಕೊಂಡಳು.

"ಇದನ್ನ ನಾ ಫೋನ್ ಮಾಡಿದ ಮ್ಯಾಲ ತಗದಿಟ್ಟಿಯೇನ ಗಂಗವ್ವ?" ಎಂದು ಕೇಳಿದೆ.

"ಇಲ್ರಿ," ಎಂದು ಚಟ್ನಿ ನೀಡುತ್ತ ಹೇಳಿದಳು, "ಮುಂಜಾನೆ ಗಿಡದಿಂದ ತಂದಾಗ, ಎಲ್ಲಾರಿಗಿಂತ ಮೊದಲ ನಿಮ್ಮದು ತಗದಿಟ್ಟಿದ್ದೆ."

ನಾನು ಫೋನ್ ಮಾಡಿದ್ದು ಅಂದಿನ ಸಂಜೆ.